ಫ್ಲ್ಯಾಶ್‌ಗೆ ಕಲರ್ ಜೆಲ್ ಹಾಕಿ ಫೋಟೋ ತೆಗೆಯೋದು: ಛತ್ರದ ಹಳದಿ ಲೈಟಿಂದ ದೇವರಾಯನದುರ್ಗದ ನೀಲಿ ಆಕಾಶದವರೆಗೆ

ತುಮಕೂರು ಕಡೆ ಹಳ್ಳಿಲಿ ಬೆಳೆದೋರೆಲ್ಲ ಜೆಲ್ ನೋಡೇ ಇರ್ತೀರಿ, ಹೆಸರು ಮಾತ್ರ ಬೇರೆ ಇತ್ತು. 1884ರಲ್ಲಿ ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ನಮ್ದು, ಈಗ್ಲೂ ಜಾತ್ರೆ ಟೈಮಲ್ಲಿ ರಾತ್ರಿಯಿಡೀ ಪೌರಾಣಿಕ ನಾಟಕ ನಡಿಯುತ್ತೆ. ನಾನು ಚಿಕ್ಕೋನಿದ್ದಾಗ ಸ್ಟೇಜ್ ಪಕ್ಕ ಲೈಟ್ ಹತ್ರ ಒಬ್ರು ಕೂತಿರ್ತಿದ್ರು, ದುರ್ಯೋಧನ ಎಂಟ್ರಿ ಕೊಡ್ತಿದ್ದಂಗೇ ಲೈಟ್ ಮುಂದೆ ಕೆಂಪು ಪೇಪರ್ ತಿರುಗಿಸ್ತಿದ್ರು, ಕೃಷ್ಣ ಬಂದ್ರೆ ನೀಲಿ. ಜಿಲೆಟಿನ್ ಪೇಪರ್ ಅಂತಿದ್ವಿ ನಾವು ಅದನ್ನ. ಇವತ್ತು ಫ್ಲ್ಯಾಶ್ ಮುಂದೆ ಹಾಕೋ ಜೆಲ್ ಅದೇ ವಂಶದ್ದು. ಹಿಂದೆ ನಿಜವಾಗ್ಲೂ ಜೆಲಟಿನ್‌ನಲ್ಲೇ ಮಾಡ್ತಿದ್ರು, ಈಗ ಬರೋದು ಬಿಸಿ ತಡ್ಕೊಳ್ಳೋ ಪಾಲಿಯೆಸ್ಟರ್ ಇಲ್ಲಾ ಪಾಲಿಕಾರ್ಬೊನೇಟ್ ಹಾಳೆ, ಹೆಸರು ಹಂಗೇ ಉಳ್ಕೊಂಡಿದೆ.

ನಾನು ಮದುವೆ ಫೋಟೋಗ್ರಫಿ ಮಾಡ್ತೀನಿ, ಜೊತೆಗೆ ಬರೋ ಹುಡುಗರು ಹೆಚ್ಚಾಗಿ ಕೇಳೋದು ಎರಡು ಪ್ರಶ್ನೆ. "ಅಣ್ಣಾ, ಕೆಂಪು ಜೆಲ್ ಹಾಕಿದೀನಿ, ಆದ್ರೂ ಗೋಡೆ ಯಾಕೆ ತಿಳಿ ಪಿಂಕ್ ಬರ್ತಿದೆ?" ಅಂತ ಒಂದು. "ಅಣ್ಣಾ, ನೀಲಿ ಹಾಕಿದ್ರೆ ಲೈಟೇ ಬೀಳ್ತಿಲ್ಲ, ಫ್ಲ್ಯಾಶ್ ಹಾಳಾಗಿದ್ಯಾ?" ಅಂತ ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ, ಅಲ್ಲಿಂದಾನೇ ಶುರು ಮಾಡ್ತೀನಿ.

ಜೆಲ್ ಬಣ್ಣ ಸೇರಿಸಲ್ಲ, ಬೆಳಕನ್ನ ಕಳಿಯುತ್ತೆ

ಫ್ಲ್ಯಾಶಿಂದ ಬರೋ ಬಿಳಿ ಬೆಳಕಲ್ಲಿ ಎಲ್ಲಾ ಬಣ್ಣನೂ ಇರುತ್ತೆ. ಕೆಂಪು ಜೆಲ್ ಅದರಲ್ಲಿ ಕೆಂಪನ್ನ ಮಾತ್ರ ಬಿಟ್ಟು ಉಳಿದಿದ್ದನ್ನೆಲ್ಲ ತಾನೇ ನುಂಗುತ್ತೆ. ರಾಗಿ ಜರಡಿ ಹಿಡಿದಂಗೆ ಅಂದ್ಕೊಳ್ಳಿ, ಜರಡಿ ಎಷ್ಟು ಸಣ್ಣ ಇರುತ್ತೋ ಕೆಳಗೆ ಬೀಳೋದು ಅಷ್ಟು ಕಮ್ಮಿ. ಬಣ್ಣ ಎಷ್ಟು ಗಾಢವೋ ಅಷ್ಟು ಬೆಳಕು ಹೋಯ್ತು ಅಂತ ಲೆಕ್ಕ.

ಎಷ್ಟು ಹೋಗುತ್ತೆ ಅಂತ ನಂಬರಲ್ಲಿ ನೋಡಿದ್ರೆ ಗಾಬರಿ ಆಗುತ್ತೆ. ಲೀ ಕಂಪನಿ ಪ್ರತಿ ಜೆಲ್‌ಗೂ ಒಂದು ನಂಬರ್ ಕೊಟ್ಟಿರುತ್ತೆ, ಎಷ್ಟು ಬೆಳಕು ಬಿಡುತ್ತೆ ಅಂತಾನೂ ಹೇಳಿರುತ್ತೆ. 101 ಹಳದಿ ಸುಮಾರು 80 ಪರ್ಸೆಂಟ್ ಬೆಳಕನ್ನ ಬಿಡುತ್ತೆ, ಅಂದ್ರೆ ಲಾಸ್ ಇಲ್ಲ ಅಂತಾನೇ ಹೇಳ್ಬಹುದು. 204 ಫುಲ್ ಸಿಟಿಓ ಅನ್ನೋ ಕಿತ್ತಳೆ ಬಣ್ಣದ್ದು ಸುಮಾರು 55. 106 ಪ್ರೈಮರಿ ರೆಡ್ ಸುಮಾರು 9. 119 ಡಾರ್ಕ್ ಬ್ಲೂ ಬರೀ 3 ಪರ್ಸೆಂಟ್, 181 ಕಾಂಗೋ ಬ್ಲೂ ಅಂತ ಒಂದು ನೇರಳೆ ಬಣ್ಣದ್ದಿದೆ, ಅದು 1 ಪರ್ಸೆಂಟೂ ಬಿಡಲ್ಲ.

ಈ 3 ಪರ್ಸೆಂಟನ್ನ ಸ್ಟಾಪ್ ಲೆಕ್ಕಕ್ಕೆ ತನ್ನಿ. ನೂರರ ಅರ್ಧ 50, ಆಮೇಲೆ 25, 12, 6, 3, ಐದು ಸಲ ಅರ್ಧ ಮಾಡಿದ್ವಿ, ಅಂದ್ರೆ ಐದು ಸ್ಟಾಪ್. ಜೆಲ್ ಇಲ್ದೆ 1/32 ಪವರ್‌ನಲ್ಲಿ ಆರಾಮಾಗಿ ಬೆಳಗ್ತಿದ್ದ ಗೋಡೆಗೆ ಡಾರ್ಕ್ ಬ್ಲೂ ಹಾಕಿದ ಮೇಲೆ ಅಷ್ಟೇ ಬೆಳಕು ಬೇಕು ಅಂದ್ರೆ ಫುಲ್ ಪವರ್ ಕೊಡ್ಬೇಕು. ಫ್ಲ್ಯಾಶ್ ಹಾಳಾಗಿಲ್ಲ ತಮ್ಮಾ, ಜರಡಿ ಸಣ್ಣ ಇದೆ.

ನುಂಗಿದ ಬೆಳಕು ಎಲ್ಲಿಗೆ ಹೋಗುತ್ತೆ? ಬಿಸಿಯಾಗಿ ಜೆಲ್‌ನಲ್ಲೇ ಉಳಿಯುತ್ತೆ. ಗಾಢ ಬಣ್ಣದ ಜೆಲ್ಲುಗಳು ಬೇಗ ಸುಕ್ಕಾಗೋದು, ಮಧ್ಯದಲ್ಲಿ ಬಿಳಚಿಕೊಳ್ಳೋದು, ಕೆಲವೊಮ್ಮೆ ಕರಗಿ ಫ್ಲ್ಯಾಶ್ ತಲೆಯ ಪ್ಲಾಸ್ಟಿಕ್‌ಗೇ ಅಂಟಿಕೊಳ್ಳೋದು ಇದೇ ಕಾರಣಕ್ಕೆ. ನೀಲಿ, ನೇರಳೆ, ಕೆಂಪು ಹಾಕಿ ಫುಲ್ ಪವರ್‌ನಲ್ಲಿ ಪಟಪಟ ಹೊಡೀಬೇಡಿ, ಹತ್ತು ಹದಿನೈದು ಫ್ಲ್ಯಾಶ್ ಆದ್ಮೇಲೆ ಒಂದೆರಡು ನಿಮಿಷ ಬಿಡಿ. ಮಾಡೆಲಿಂಗ್ ಬಲ್ಬ್ (ಬೆಳಕು ಎಲ್ಲಿ ಬೀಳುತ್ತೆ ಅಂತ ನೋಡೋಕೆ ಸದಾ ಉರೀತಿರೋ ಬಲ್ಬ್) ಇರೋ ಸ್ಟುಡಿಯೋ ಲೈಟ್ ಆದ್ರೆ ಜೆಲ್ ಹಾಕಿದಾಗ ಆ ಬಲ್ಬ್ ಆಫ್ ಮಾಡಿಬಿಡಿ, ಫ್ಲ್ಯಾಶ್‌ಗಿಂತ ಜಾಸ್ತಿ ಸುಡೋದು ಅದೇ.

ಏನೇನು ತಗೋಬೇಕು, ಹೆಂಗೆ ಕಟ್ಟಬೇಕು

ಗಿಫ್ಟ್ ಪ್ಯಾಕ್ ಮಾಡೋ ಬಣ್ಣದ ಪ್ಲಾಸ್ಟಿಕ್ ಹಾಳೆಲಿ ಶುರು ಮಾಡೋಣ ಅಂತ ತುಂಬಾ ಜನ ಯೋಚಿಸ್ತಾರೆ. ಒಂದು ಸಂಜೆ ಆಟಕ್ಕೆ ಸರಿ, ಕೆಲಸಕ್ಕೆ ಬೇಡ. ಒಂದು ಹಾಳೆಗೂ ಇನ್ನೊಂದು ಹಾಳೆಗೂ ಬಣ್ಣ ಬೇರೆ ಇರುತ್ತೆ, ಬಿಸಿಗೆ ಬೇಗ ಕರಗುತ್ತೆ. ಲೀ ಇಲ್ಲಾ ರಾಸ್ಕೊ ಹಾಳೆ ತರಿಸ್ಕೊಳ್ಳಿ, ರಾಸ್ಕೊದ ಒಂದು ಹಾಳೆ 20 ಇಂಚು 24 ಇಂಚು ಇರುತ್ತೆ, ಸಣ್ಣ ಫ್ಲ್ಯಾಶ್‌ಗೆ ಅಂತ ಕತ್ತರಿಸಿದ್ರೆ ವರ್ಷಗಟ್ಲೆ ಆಗುತ್ತೆ. ಸುಮ್ನೆ ಇಪ್ಪತ್ತು ಬಣ್ಣದ ಸೆಟ್ ತಗೊಂಡು ಹದಿನೇಳು ಬಣ್ಣ ಮುಟ್ಟದೇ ಇಡೋದಕ್ಕಿಂತ ಆರು ತಗೊಳ್ಳಿ: ಫುಲ್ ಸಿಟಿಓ, ಹಾಫ್ ಸಿಟಿಓ, ಕ್ವಾರ್ಟರ್ ಸಿಟಿಓ, ಒಂದು ನೀಲಿ, ಒಂದು ಕೆಂಪು, ಒಂದು ಮೆಜೆಂಟಾ. ಸಿಟಿಓ ಅಂದ್ರೆ ಕಿತ್ತಳೆ ಬಣ್ಣದ ಜೆಲ್, ಬಿಳಿ ಫ್ಲ್ಯಾಶನ್ನ ಹಳದಿ ಬಲ್ಬಿನ ಬಣ್ಣಕ್ಕೆ ತರೋದು. ದುಡ್ಡು ಕಮ್ಮಿ ಇದ್ರೆ ಮೊದಲ ಎರಡೇ ಸಾಕು. ನನ್ನ ಮದುವೆ ಕೆಲಸದಲ್ಲಿ ಹೆಚ್ಚು ಓಡಾಡೋದು ಆ ಎರಡೇ.

ಕಟ್ಟೋದಕ್ಕೆ ಮ್ಯಾಗ್ನೆಟ್ ಕಿಟ್ ಸಿಗುತ್ತೆ, ಒಳ್ಳೇದೇ, ಆದ್ರೆ ಬೇಕೇಬೇಕು ಅಂತಿಲ್ಲ. ಟೈಲರಿಂಗ್ ಸಾಮಾನು ಅಂಗಡಿಲಿ ವೆಲ್ಕ್ರೋ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಒಂದು ಪಟ್ಟಿನ ಫ್ಲ್ಯಾಶ್ ತಲೆ ಸುತ್ತ ಬಿಗಿಯಾಗಿ ಸುತ್ತಿ, ಜೆಲ್‌ನ ಎರಡೂ ತುದಿಗೆ ಒಂದೊಂದು ತುಂಡು ಅಂಟಿಸಿ, ಆಯ್ತು. ಜೆಲ್ ಕತ್ತರಿಸುವಾಗ ಫ್ಲ್ಯಾಶ್ ಮುಖಕ್ಕಿಂತ ಎರಡೂ ಕಡೆ ಒಂದೊಂದು ಇಂಚು ಉದ್ದ ಬಿಡಿ, ಹಾಕುವಾಗ ಮಧ್ಯದಲ್ಲಿ ಸ್ವಲ್ಪ ಉಬ್ಬಿರೋ ಹಂಗೆ ಹಾಕಿ, ಪ್ಲಾಸ್ಟಿಕ್‌ಗೆ ಮೆತ್ಕೊಂಡಿರಬಾರದು, ಗಾಳಿ ಆಡೋ ಜಾಗ ಬೇಕು. ಆದ್ರೆ ಬದಿಯಿಂದ ಬಿಳಿ ಬೆಳಕು ಸೋರಬಾರದು. ಕತ್ತಲಲ್ಲಿ ಗೋಡೆಗೆ ಒಂದು ಫ್ಲ್ಯಾಶ್ ಹೊಡೆದು ನೋಡಿ, ಬಣ್ಣದ ಅಂಚಲ್ಲಿ ಬಿಳಿ ಗೆರೆ ಕಂಡ್ರೆ ಸೋರ್ತಿದೆ ಅಂತ ಅರ್ಥ. ಸಾಫ್ಟ್‌ಬಾಕ್ಸ್ ಹಾಕ್ತೀರಾ ಅಂದ್ರೆ ಜೆಲ್ಲನ್ನ ಒಳಗೆ ಫ್ಲ್ಯಾಶ್ ತಲೆಗೇ ಕಟ್ಟಿ, ಹೊರಗಿನ ಬಟ್ಟೆ ಮೇಲೆ ಹಾಕೋಕೆ ದೊಡ್ಡ ಹಾಳೆ ದಂಡ.

ಮೊದಲ ಪಾಠ ಛತ್ರದಲ್ಲಿ

ಜೆಲ್ ಅಂದ ತಕ್ಷಣ ಎಲ್ರಿಗೂ ಕೆಂಪು ನೀಲಿ ನೆನಪಾಗುತ್ತೆ, ನಾನು ಮಾತ್ರ ಕಿತ್ತಳೆಯಿಂದಾನೇ ಶುರು ಮಾಡಿ ಅಂತೀನಿ, ಕಾರಣ ಹೇಳ್ತೀನಿ. ನನ್ನ ಮೊದಲನೇ ಸೀಸನ್‌ನಲ್ಲಿ ಒಂದು ರಿಸೆಪ್ಷನ್, ಛತ್ರದ ತುಂಬ ಹಳದಿ ಲೈಟು, ಸ್ಟೇಜ್ ಮೇಲೆ ಹ್ಯಾಲೋಜನ್. ನಾನು ಫ್ಲ್ಯಾಶ್ ಹಂಗೇ ಬಿಳಿಯಾಗಿ ಹೊಡೆದೆ. ಮನೆಗೆ ಬಂದು ಕಂಪ್ಯೂಟರ್‌ಗೆ ಹಾಕಿದ್ರೆ ಗಂಡು ಹೆಣ್ಣಿನ ಮುಖ ಸುಣ್ಣ ಬಳಿದಂಗೆ, ಹಿಂದೆ ಇಡೀ ಹಾಲ್ ಕಿತ್ತಳೆ ಹಣ್ಣಿನ ಬಣ್ಣ. ಮುಖ ಸರಿ ಮಾಡಿದ್ರೆ ಹಿಂದಿನದು ಇನ್ನೂ ಕೆಂಪಗಾಗುತ್ತೆ, ಹಿಂದಿನದು ಸರಿ ಮಾಡಿದ್ರೆ ಮುಖ ನೀಲಿ. ವೈಟ್ ಬ್ಯಾಲೆನ್ಸ್ ಅಂದ್ರೆ ಯಾವ ಬೆಳಕನ್ನ ಬಿಳಿ ಅಂತ ಎಣಿಸ್ಬೇಕು ಅಂತ ಕ್ಯಾಮೆರಾಗೆ ಹೇಳೋದು, ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ ಎರಡು ಬಣ್ಣದ ಬೆಳಕನ್ನ ಸರಿ ಮಾಡೋಕೆ ಆಗಲ್ಲ. ನಾಲ್ಕುನೂರು ಚಿಲ್ಲರೆ ಫೋಟೋಗೆ ಮುಖ ಬೇರೆ ಹಿಂದೆ ಬೇರೆ ಮಾಸ್ಕ್ ಮಾಡ್ತಾ ಎರಡು ವಾರ ಕೂತೆ. ಬೆರಳಗಲದ ಒಂದು ತುಂಡು ಕಿತ್ತಳೆ ಹಾಳೆ ಇದ್ದಿದ್ರೆ ಆ ಎರಡು ವಾರ ಉಳೀತಿತ್ತು.

ಲೆಕ್ಕ ಹಿಂಗಿದೆ. ಬೆಳಕಿನ ಬಣ್ಣನ ಕೆಲ್ವಿನ್‌ನಲ್ಲಿ ಅಳೀತಾರೆ, ನಂಬರ್ ಕಮ್ಮಿ ಆದಷ್ಟೂ ಬೆಳಕು ಹಳದಿ, ಜಾಸ್ತಿ ಆದಷ್ಟೂ ನೀಲಿ. ಫ್ಲ್ಯಾಶ್ ಬೆಳಕು ಸುಮಾರು 5500 ಕೆಲ್ವಿನ್. ಹ್ಯಾಲೋಜನ್ ಸುಮಾರು 3200, ವಾರ್ಮ್ ಎಲ್ಇಡಿ 2700ರಿಂದ 3000. ಜೆಲ್ ಎಷ್ಟು ಬದಲಾಯಿಸುತ್ತೆ ಅನ್ನೋದನ್ನ ಕೆಲ್ವಿನ್‌ನಲ್ಲಿ ನೇರವಾಗಿ ಕೂಡಿ ಕಳಿಯೋಕೆ ಬರಲ್ಲ, ಅದಕ್ಕೆ ಮೈರೆಡ್ ಅಂತ ಒಂದು ಅಳತೆ ಇದೆ. ಹತ್ತು ಲಕ್ಷವನ್ನ ಕೆಲ್ವಿನ್‌ನಿಂದ ಭಾಗಿಸಿದ್ರೆ ಮೈರೆಡ್. 5500ಕ್ಕೆ 182 ಬರುತ್ತೆ. ಲೀ ಫುಲ್ ಸಿಟಿಓ 159 ಮೈರೆಡ್ ಸೇರಿಸುತ್ತೆ, ಹಾಫ್ 109, ಕ್ವಾರ್ಟರ್ 64. 182ಕ್ಕೆ 159 ಕೂಡಿದ್ರೆ 341, ತಿರುಗಿಸಿ ಹತ್ತು ಲಕ್ಷವನ್ನ 341ರಿಂದ ಭಾಗಿಸಿ, ಸುಮಾರು 2930 ಕೆಲ್ವಿನ್. ಹಂಗೇ ಹಾಫ್ ಹಾಕಿದ್ರೆ ಸುಮಾರು 3440, ಕ್ವಾರ್ಟರ್ ಹಾಕಿದ್ರೆ 4060ರ ಆಸುಪಾಸು. ಈ ಮೂರು ನಂಬರನ್ನ ಫ್ಲ್ಯಾಶ್ ಹಿಂದೆ ಟೇಪ್ ಮೇಲೆ ಬರೆದು ಅಂಟಿಸ್ಕೊಳ್ಳಿ, ಮತ್ತೆ ಲೆಕ್ಕ ಮಾಡೋದೇ ಬೇಡ.

ಈಗ ಛತ್ರಕ್ಕೆ ಹೋದಾಗ ಮಾಡಬೇಕಾದ್ದು. ಮುಹೂರ್ತಕ್ಕಿಂತ ಅರ್ಧ ಗಂಟೆ ಮುಂಚೆ ಹೋಗಿ, ಸ್ಟೇಜ್ ಲೈಟ್ ಎಲ್ಲಾ ಹಾಕ್ಸಿ, ವಿಡಿಯೋದೋರ ಲೈಟೂ ಆನ್ ಮಾಡೋಕೆ ಹೇಳಿ, ಅವ್ರ ಲೈಟ್ ಬಿಳಿ ಇದ್ಯಾ ಹಳದಿ ಇದ್ಯಾ ಅಂತ ತಿಳ್ಕೊಳ್ದೆ ನೀವು ಜೆಲ್ ಆರಿಸೋಕೆ ಆಗಲ್ಲ. ಫ್ಲ್ಯಾಶ್ ಆಫ್ ಮಾಡಿ ಕ್ಯಾಮೆರಾನ 5500 ಕೆಲ್ವಿನ್‌ಗೆ ಇಟ್ಟು ಸ್ಟೇಜ್ ಮೇಲಿನ ಬಿಳಿ ಪಂಚೆನೋ ಬಿಳಿ ಹೂವಿನ ಹಾರಾನೋ ಒಂದು ಫೋಟೋ ತೆಗೀರಿ. ಆಮೇಲೆ ಕೆಲ್ವಿನ್ ಇಳಿಸ್ತಾ ಬನ್ನಿ, ಎಲ್ಲಿ ಬಿಳಿ ಬಿಳಿಯಾಗಿ ಕಾಣುತ್ತೋ ಅದೇ ಆ ಹಾಲ್‌ನ ಬಣ್ಣ. 3000ದ ಹತ್ರ ನಿಂತ್ರೆ ಫುಲ್ ಸಿಟಿಓ ಹಾಕಿ, 3300-3500ರಲ್ಲಿ ನಿಂತ್ರೆ ಹಾಫ್, 4000ದ ಮೇಲಿದ್ರೆ ಕ್ವಾರ್ಟರ್. ಜೆಲ್ ಹಾಕಿದ್ಮೇಲೆ ಕ್ಯಾಮೆರಾನೂ ಅದೇ ಕೆಲ್ವಿನ್‌ಗೆ ಇಡಿ, ಆಟೋ ವೈಟ್ ಬ್ಯಾಲೆನ್ಸ್‌ಗೆ ಬಿಟ್ರೆ ಪ್ರತಿ ಫೋಟೋಲಿ ಬಣ್ಣ ಕುಣಿಯುತ್ತೆ.

ಇದರಲ್ಲಿ ನನ್ನ ಸ್ವಂತ ರುಚಿ ಒಂದಿದೆ. 3200 ಇರೋ ಹಾಲ್‌ನಲ್ಲಿ ನಾನು ಹಾಫ್ ಹಾಕಿ ಕ್ಯಾಮೆರಾನ 3400ಕ್ಕೆ ಇಡ್ತೀನಿ. ಮುಖ ಶುದ್ಧವಾಗಿ ಬರುತ್ತೆ, ಹಿಂದೆ ಮಂಟಪ ಒಂಚೂರು ಬೆಚ್ಚಗೆ ಉಳಿಯುತ್ತೆ, ದೀಪದ ಬೆಳಕಿನ ಫೀಲ್ ಹೋಗಲ್ಲ. ಪೂರ್ತಿ ಮ್ಯಾಚ್ ಮಾಡಿದ್ರೆ ಹಾಲ್ ಆಫೀಸ್ ಥರ ಬೆಳ್ಳಗಾಗ್ಬಿಡುತ್ತೆ. ಅರಿಶಿಣ ಶಾಸ್ತ್ರ ಹಗಲು ಹೊರಗಡೆ ಚಪ್ಪರದಲ್ಲಿ ಇದ್ರೆ ಸಿಟಿಓ ತೆಗೆದಿಡಿ, ಅರಿಶಿಣದ ಹಳದಿ ಬಿಳಿ ಬೆಳಕಲ್ಲೇ ಚೆಂದ.

ಶಟರ್ ಬಗ್ಗೆ ಒಂದು ಮಾತು. ನಮ್ಮ ಕರೆಂಟ್ 50 ಹರ್ಟ್ಸ್, ಲೈಟುಗಳು ಸೆಕೆಂಡ್‌ಗೆ 100 ಸಲ ಮಿಣುಕ್ತವೆ, ಅದಕ್ಕೆ ಒಳಗಡೆ 1/100 ಇಲ್ಲಾ 1/50 ಇಟ್ರೆ ಪಟ್ಟಿ ಪಟ್ಟಿ ಬರೋದು ಕಮ್ಮಿ. ಡಿಮ್ಮರ್ ಇರೋ ಸ್ಟೇಜ್ ಎಲ್ಇಡಿಗಳು ಇದಕ್ಕೂ ಬಗ್ಗಲ್ಲ, ಮೊದಲೇ ಒಂದೆರಡು ತೆಗೆದು ಜೂಮ್ ಮಾಡಿ ನೋಡ್ಕೊಳ್ಳಿ.

ಗಾಢ ಬಣ್ಣ ಕಲಿಯೋಕೆ ಒಂದು ತೆಂಗಿನಕಾಯಿ

ತಿಪಟೂರು ನಮ್ಮ ಜಿಲ್ಲೆಲೇ ಇದೆ, ಕಾಯಿಗೆ ಬರ ಇಲ್ಲ. ಸುಲಿದ ತೆಂಗಿನಕಾಯಿ ಒಂದು ತಗೊಳ್ಳಿ, ಜುಟ್ಟು ಬಿಟ್ಟು ಸುಲಿದಿದ್ರೆ ಇನ್ನೂ ಒಳ್ಳೇದು. ಮುಖದ ಥರಾನೇ ಗುಂಡಗಿದೆ, ಬಣ್ಣ ಕಂದು, ಮೇಲೆ ನಾರು ಇರೋದ್ರಿಂದ ಬೆಳಕು ಯಾವ ಕಡೆಯಿಂದ ಬರ್ತಿದೆ ಅಂತ ಎಳೆ ಎಳೆಯಾಗಿ ತೋರಿಸುತ್ತೆ, ಎಷ್ಟು ಹೊತ್ತು ಕೂರಿಸಿದ್ರೂ ಬೇಜಾರು ಮಾಡ್ಕೊಳ್ಳಲ್ಲ. ನಾನು ಹೊಸ ಬಣ್ಣ ತಂದಾಗೆಲ್ಲ ಮೊದಲು ಕೂರಿಸೋದು ಕಾಯಿನೇ.

ರಾತ್ರಿ ರೂಮ್ ಲೈಟ್ ಆಫ್ ಮಾಡಿ. ಕಾಯಿನ ಸ್ಟೂಲ್ ಮೇಲೆ ಇಡಿ, ಹಿಂದಿನ ಗೋಡೆಗೆ ಕಡೇಪಕ್ಷ ಆರು ಅಡಿ ದೂರ ಇರಲಿ. ಕ್ಯಾಮೆರಾ ಮ್ಯಾನ್ಯುವಲ್, ಐಎಸ್‌ಓ 200, ಎಫ್ 5.6, ಶಟರ್ 1/160, ವೈಟ್ ಬ್ಯಾಲೆನ್ಸ್ 5500, ಫೈಲ್ ರಾ. ಫ್ಲ್ಯಾಶ್ ಇಲ್ದೆ ಒಂದು ಫೋಟೋ ತೆಗೀರಿ, ಪೂರ್ತಿ ಕಪ್ಪು ಬರಬೇಕು. ಬರ್ಲಿಲ್ಲ ಅಂದ್ರೆ ಎಲ್ಲಿಂದಲೋ ಬೆಳಕು ನುಗ್ತಿದೆ, ಮೊದಲು ಅದನ್ನ ಮುಚ್ಚಿ. ಗಾಢ ಬಣ್ಣದ ಕೆಲಸಕ್ಕೆ ಟಿಟಿಎಲ್ (ಫ್ಲ್ಯಾಶ್ ಪವರನ್ನ ಕ್ಯಾಮೆರಾನೇ ಆರಿಸೋದು) ಬೇಡ, ಫ್ಲ್ಯಾಶೂ ಮ್ಯಾನ್ಯುವಲ್‌ಗೆ ಇಡಿ. ಗೊಡಾಕ್ಸ್ ಟಿಟಿ600 ಥರದ ಮ್ಯಾನ್ಯುವಲ್ ಫ್ಲ್ಯಾಶ್ ಎರಡು ಇದ್ರೆ ಇಡೀ ಅಭ್ಯಾಸಕ್ಕೆ ಸಾಕು.

ಮೊದಲನೇ ಫ್ಲ್ಯಾಶಿಗೆ ನೀಲಿ ಜೆಲ್ ಕಟ್ಟಿ ಕಾಯಿ ಹಿಂದೆ ನೆಲದ ಮೇಲೆ ಗೋಡೆ ಕಡೆ ಮುಖ ಮಾಡಿ ಇಡಿ, ಬರೀ ಇದೊಂದನ್ನೇ ಹೊಡೀರಿ. 1/16ರಲ್ಲಿ ಒಂದು, 1/8, 1/4, 1/2, ಫುಲ್, ಹಿಂಗೆ ಐದು ಫೋಟೋ. ಪಕ್ಕಪಕ್ಕ ಇಟ್ಟು ನೋಡಿ. ಕಮ್ಮಿ ಪವರ್‌ನಲ್ಲಿ ಮಸಿ ಶಾಯಿ ಥರ ಕಡು ನೀಲಿ, ಮಧ್ಯದಲ್ಲಿ ಎಲ್ಲೋ ಒಂದು ಕಡೆ ತುಂಬಿದ ನೀಲಿ, ಪವರ್ ಇನ್ನೂ ಏರಿದಂಗೆ ತಿಳಿಯಾಗಿ ಆಕಾಶದ ಬಣ್ಣಕ್ಕೆ ಹೋಗುತ್ತೆ. ಒಂದೇ ಜೆಲ್, ಐದು ನೀಲಿ. ಆಗ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ: ಕೆಂಪು ಹಾಕಿದ್ರೂ ಪಿಂಕ್ ಬರೋದು ಬೆಳಕು ಜಾಸ್ತಿಯಾದಾಗ. ಬಣ್ಣ ಗಾಢ ಬೇಕು ಅಂದ್ರೆ ಇನ್ನೊಂದು ಜೆಲ್ ಸೇರಿಸೋ ಮುಂಚೆ ಪವರ್ ಇಳಿಸಿ ನೋಡಿ.

ಈಗ ಎರಡನೇ ಫ್ಲ್ಯಾಶ್, ಜೆಲ್ ಇಲ್ದೆ, ಕಾಯಿಗೆ ಮುಂದಿನಿಂದ ನಲವತ್ತೈದು ಡಿಗ್ರಿಲಿ ಮೂರು ಅಡಿ ದೂರದಲ್ಲಿ ಇಡಿ. ಹೊಡೀರಿ. ಹಿಂದಿನ ನೀಲಿ ಸ್ವಲ್ಪ ಬಿಳಚಿಕೊಂಡಿದ್ಯಾ? ಬಿಳಿ ಫ್ಲ್ಯಾಶ್ ಬೆಳಕು ಗೋಡೆವರೆಗೂ ಹೋಗಿ ನೀಲಿನ ತೊಳೀತಿದೆ. ಬೆಳಕು ದೂರದ ವರ್ಗದಂಗೆ ಕಮ್ಮಿ ಆಗುತ್ತೆ, ಕಾಯಿಗೆ ಮೂರು ಅಡಿ, ಗೋಡೆಗೆ ಒಂಬತ್ತು ಅಡಿ ಅಂದ್ರೆ ಮೂರು ಪಟ್ಟು ದೂರ, ಗೋಡೆ ಮೇಲೆ ಬೀಳೋದು ಒಂಬತ್ತರಲ್ಲಿ ಒಂದು ಪಾಲು, ಮೂರು ಸ್ಟಾಪ್ ಕಮ್ಮಿ. ಈಗ ಕಾಯಿನ ಗೋಡೆಗೆ ಎರಡೇ ಅಡಿ ದೂರಕ್ಕೆ ತಳ್ಳಿ, ಫ್ಲ್ಯಾಶನ್ನೂ ಅದರ ಜೊತೆಗೇ ಸರಿಸಿ ಮತ್ತೆ ಹೊಡೀರಿ, ನೀಲಿ ಹೊರಟೇಹೋಗುತ್ತೆ. ಮನೆಯೊಳಗೆ ಜೆಲ್ ಕೆಲಸ ಕೆಡೋದು ನೂರಕ್ಕೆ ಎಂಬತ್ತು ಸಲ ಇಲ್ಲೇ ಅಂತ ನನ್ನ ಅನುಭವ, ಬಣ್ಣದ ತಪ್ಪಲ್ಲ, ಬಿಳಿ ಬೆಳಕು ಹೋಗಬಾರದ ಕಡೆ ಹೋಗೋದು. ಜಾಗ ಇಲ್ಲ ಅಂದ್ರೆ ಮುಂದಿನ ಫ್ಲ್ಯಾಶಿಗೆ ಗ್ರಿಡ್ (ಬೆಳಕು ಪಕ್ಕಕ್ಕೆ ಹರಡದಂಗೆ ತಡೆಯೋ ಜಾಲರಿ) ಹಾಕಿ, ಇಲ್ಲಾ ಕಪ್ಪು ರಟ್ಟು ಒಂದನ್ನ ಗೋಡೆ ಕಡೆಗೆ ಅಡ್ಡ ಹಿಡೀರಿ. ಗೋಡೆ ಬಿಳಿ ಇದ್ರೆ ಬೇಗ ತೊಳ್ಕೊಂಡು ಹೋಗುತ್ತೆ, ಬೂದು ಇದ್ರೆ ಬಣ್ಣ ಚೆನ್ನಾಗಿ ನಿಲ್ಲುತ್ತೆ, ಕಪ್ಪು ಬಟ್ಟೆ ಮೇಲೂ ಬಣ್ಣ ಬರುತ್ತೆ, ಪವರ್ ಜಾಸ್ತಿ ಬೇಕು ಅಷ್ಟೆ.

ಕೊನೇದಾಗಿ ಕಾಯಿಗೇ ನೇರವಾಗಿ ನೀಲಿ ಹೊಡೀರಿ, ಆಮೇಲೆ ಕೆಂಪು ಹೊಡೀರಿ. ಕೆಂಪಲ್ಲಿ ನಾರು ಒಂದೊಂದೂ ಕೆಂಡದ ಥರ ಹೊಳಿಯುತ್ತೆ. ನೀಲಿಲಿ ಕಾಯಿ ಕಪ್ಪಗೆ ಮುದುಡಿಕೊಳ್ಳುತ್ತೆ. ಕಂದು ಬಣ್ಣದ ವಸ್ತು ಕೆಂಪನ್ನ ವಾಪಸ್ ಕೊಡುತ್ತೆ, ನೀಲಿನ ಕುಡಿದುಬಿಡುತ್ತೆ. ಇದನ್ನ ಸರಿಯಾಗಿ ನೋಡಿ ಇಟ್ಕೊಳ್ಳಿ, ಮುಂದೆ ಮನುಷ್ಯರ ಮುಖಕ್ಕೆ ಹೋದಾಗ ಇದೇ ಬೇಕಾಗೋದು.

ಮುಖ, ಸೀರೆ, ಒಡವೆ

ನಮ್ಮ ಮೈಬಣ್ಣದಲ್ಲಿರೋ ಮೆಲನಿನ್ ನೀಲಿ ಬೆಳಕನ್ನ ಜಾಸ್ತಿ ಹೀರುತ್ತೆ, ಕೆಂಪನ್ನ ಕಮ್ಮಿ. ಬೇರೆ ದೇಶದ ವಿಡಿಯೋ ನೋಡಿ ಅವ್ರು ಹೇಳಿದ ಪವರ್‌ಗೇ ನೀಲಿ ಇಟ್ಟು ಇಲ್ಲಿ ಕಪ್ಪು-ಕಂದು ಮೈಬಣ್ಣದ ಹುಡುಗನ ಮುಖಕ್ಕೆ ಹೊಡೆದ್ರೆ ಮುಖದ ಅರ್ಧ ಭಾಗ ಕಾಣೋದೇ ಇಲ್ಲ. ಎಡಿಟಿಂಗ್‌ನಲ್ಲಿ ಎತ್ತೋಕೆ ಹೋದ್ರೆ ಬರೀ ಕಾಳು ಕಾಳು. ಆ ಹುಡುಗನ ಮೈಬಣ್ಣದಲ್ಲಿ ಯಾವ ತಪ್ಪೂ ಇಲ್ಲ, ಬೆಳಕು ಕೊಟ್ಟಿದ್ದು ಸಾಲ್ದು, ಒಂದೂವರೆ ಎರಡು ಸ್ಟಾಪ್ ಜಾಸ್ತಿ ಕೊಡಿ, ಇಲ್ಲಾ ಗಾಢ ನೀಲಿ ಬದಲು ಸಯಾನ್ ಕಡೆ ಇರೋ ತಿಳಿ ನೀಲಿ ಹಾಕಿ. ಜೊತೆಗೆ ನೀಲಿನ ಮುಂದಿನಿಂದ ಹೊಡೀದೆ ಹಿಂದಿನ ಪಕ್ಕದಿಂದ ಹೊಡೀರಿ, ಚರ್ಮದ ಮೇಲಿನ ಮಿನುಗು ಬೆಳಕಿನ ಬಣ್ಣಾನೇ ತಗೊಳುತ್ತೆ, ಕೆನ್ನೆ ಮೂಳೆ, ಕುತ್ತಿಗೆ ಅಂಚು ಗೆರೆ ಎಳೆದಂಗೆ ಬರುತ್ತೆ. ಕಪ್ಪು ಮೈಬಣ್ಣದೋರಿಗೆ ಈ ಅಂಚಿನ ಬೆಳಕು ಕೊಡೋ ಸೊಗಸು ಬೆಳ್ಳಗಿರೋರಿಗೆ ಕೊಡಲ್ಲ, ನಾನು ಮನಸ್ಸಿಂದ ಹೇಳ್ತಿದೀನಿ. ಹಸಿರನ್ನ ಮಾತ್ರ ಮುಖಕ್ಕೆ ಹಾಕಬೇಡಿ, ಕಾಯಿಲೆಯೋರ ಥರ ಕಾಣ್ತಾರೆ.

ಬಟ್ಟೆ ವಿಷಯ ಇನ್ನೂ ನಾಜೂಕು. ಕೆಂಪು ರೇಷ್ಮೆ ಸೀರೆ ಮೇಲೆ ಬರೀ ನೀಲಿ ಬೆಳಕು ಬಿದ್ರೆ ಸೀರೆ ಕಪ್ಪು. ಹಸಿರು ಸೀರೆ ಮೇಲೆ ಕೆಂಪು ಬಿದ್ರೂ ಕಪ್ಪೇ. ಚಿನ್ನನೂ ಅಷ್ಟೆ, ನೀಲಿನ ವಾಪಸ್ ಕೊಡೋದು ಕಮ್ಮಿ, ನೀಲಿ ಬೆಳಕಲ್ಲಿ ಸರ, ಬಳೆ ಎಲ್ಲ ಮಂಕಾಗಿ ಹಳೇ ಹಿತ್ತಾಳೆ ಥರ ಆಗುತ್ತೆ, ಕಾಸಿನ ಸರದಲ್ಲಿ ಕಾಸು ಯಾವುದು ಅಂತಾನೇ ತಿಳಿಯಲ್ಲ. ಮದುಮಗಳ ಫೋಟೋಲಿ ಸೀರೆ ಒಡವೆ ಅವ್ರ ಮನೆಯೋರು ವರ್ಷಗಟ್ಲೆ ಕೂಡಿಸಿ ತಂದಿದ್ದು, ಅದರ ಬಣ್ಣ ಕೆಡಿಸೋ ಹಕ್ಕು ನಮಗಿಲ್ಲ. ಅದಕ್ಕೆ ನಾನು ಪಾಲಿಸೋದು ಇಷ್ಟು: ಸೀರೆ ಒಡವೆ ಇರೋ ಫೋಟೋಲಿ ಮುಂದಿನ ಮುಖ್ಯ ಬೆಳಕು ಬಿಳಿ ಇಲ್ಲಾ ಸಿಟಿಓ, ಬಣ್ಣ ಏನಿದ್ರೂ ಹಿಂದಿನ ಗೋಡೆಗೆ ಮತ್ತೆ ಕೂದಲಂಚಿಗೆ.

ಬಣ್ಣದ ಜೋಡಿ ಗೊತ್ತಿಲ್ಲ ಅಂದ್ರೆ ನೀಲಿ ಹಿನ್ನೆಲೆ, ಮುಖಕ್ಕೆ ಕ್ವಾರ್ಟರ್ ಸಿಟಿಓ, ಇದು ಎಲ್ರಿಗೂ ಒಪ್ಪುತ್ತೆ. ಎರಡಕ್ಕಿಂತ ಜಾಸ್ತಿ ಬಣ್ಣ ಶುರುವಿನಲ್ಲಿ ಬೇಡ.

ಕೆಂಪು ಹಾಕಿದಾಗ ಹಿಸ್ಟೋಗ್ರಾಂ (ಫೋಟೋಲಿ ಕತ್ತಲೆ ಎಷ್ಟು, ಬೆಳಕು ಎಷ್ಟು ಅಂತ ಕ್ಯಾಮೆರಾ ತೋರಿಸೋ ಗ್ರಾಫ್) ನಂಬಿ ಮೋಸ ಹೋಗ್ಬೇಡಿ. ಬಿಳಿ ಬಣ್ಣದ ಒಂದೇ ಗ್ರಾಫ್ ಇರುತ್ತಲ್ಲ, ಅದು ಮೂರೂ ಬಣ್ಣ ಸೇರಿಸಿದ ಲೆಕ್ಕ, ಅದರಲ್ಲಿ ಎಲ್ಲಾ ಸರಿ ಕಾಣುತ್ತೆ, ಆದ್ರೆ ಕೆಂಪು ಚಾನೆಲ್ ಒಂದೇ ಬಲಗಡೆ ಗೋಡೆಗೆ ಗುದ್ಕೊಂಡು ಒಡೆದಿರುತ್ತೆ. ಕೆನ್ನೆ ಮೇಲೆ ನಯ ಹೋಗಿ ಬಣ್ಣ ಬಳಿದ ಪ್ಲಾಸ್ಟಿಕ್ ಥರ ಆಗುತ್ತೆ. ಆರ್‌ಜಿಬಿ ಹಿಸ್ಟೋಗ್ರಾಂ ಆನ್ ಮಾಡ್ಕೊಳ್ಳಿ, ಕೆಂಪು ಗ್ರಾಫ್ ಬಲ ತುದಿಯಿಂದ ಈಚೆಗೆ ಬರೋವರೆಗೂ ಪವರ್ ಇಳಿಸಿ, ಸ್ಕ್ರೀನಲ್ಲಿ ಸ್ವಲ್ಪ ಕತ್ತಲೆ ಅನ್ಸಿದ್ರೂ ಪರವಾಗಿಲ್ಲ.

ದೇವರಾಯನದುರ್ಗದಲ್ಲಿ ಸಂಜೆ

ಪ್ರೀ ವೆಡ್ಡಿಂಗ್‌ಗೆ ಬೆಟ್ಟಕ್ಕೆ ಹೋಗೋರಿಗೆ ಈ ಒಂದು ಟ್ರಿಕ್ ಹೇಳಿಕೊಡೋದು ನನಗೆ ತುಂಬಾ ಇಷ್ಟ, ಬೇಕಾಗಿರೋದು ಒಂದೇ ಫ್ಲ್ಯಾಶ್, ಒಂದೇ ಫುಲ್ ಸಿಟಿಓ. ಸೂರ್ಯ ಮುಳುಗಿದ್ಮೇಲೆ ಆಕಾಶ ತಾನಾಗೇ ನೀಲಿ ಕಡೆ ಇರುತ್ತೆ. ಕ್ಯಾಮೆರಾನ 3000 ಕೆಲ್ವಿನ್‌ಗೆ ಇಳಿಸಿದ್ರೆ ಇಡೀ ಬೆಟ್ಟ, ಕಾಡು, ಆಕಾಶ ಎಲ್ಲಾ ಇನ್ನೂ ಗಾಢ ನೀಲಿ ಆಗುತ್ತೆ. ಫ್ಲ್ಯಾಶ್‌ಗೆ ಫುಲ್ ಸಿಟಿಓ ಹಾಕಿದ್ರೆ ಅದು 2930ರ ಹತ್ರ ಬರುತ್ತಲ್ಲ, ಕ್ಯಾಮೆರಾಗೆ ಅದು ಬಿಳಿ. ಜೋಡಿಯ ಮುಖ ಸಹಜ ಬಣ್ಣದಲ್ಲಿ, ಹಿಂದೆ ಆಕಾಶ ಯಾವ ಎಡಿಟಿಂಗೂ ಕೊಡದಂಥ ನೀಲಿಲಿ. ಆಕಾಶಕ್ಕೆ ನೀಲಿ ಜೆಲ್ ಹಾಕೋಕೆ ಯಾರಿಂದಾನೂ ಆಗಲ್ಲ, ಆದ್ರೆ ಮುಖದ ಬೆಳಕಿಂದ ನೀಲಿ ಕಳೆದು ಕ್ಯಾಮೆರಾನ ಆ ಕಡೆ ತಿರುಗಿಸಿದ್ರೆ ಆಕಾಶ ತಾನೇ ಆ ಕೆಲಸ ಮಾಡುತ್ತೆ.

ಸಮಯ ಮಾತ್ರ ಕಮ್ಮಿ. ನಮ್ಮ ಕಡೆ ನವೆಂಬರ್‌ನಲ್ಲಿ ಸೂರ್ಯ 6ಕ್ಕೆ ಮುಂಚೆನೇ ಮುಳುಗ್ತಾನೆ, ಜೂನ್ ಕೊನೆ ಜುಲೈನಲ್ಲಿ 6:50ರ ಹತ್ರ. ಮುಳುಗಿದ ಮೇಲೆ ಕೆಲಸಕ್ಕೆ ಬರೋದು ಹದಿನೈದು ಇಪ್ಪತ್ತು ನಿಮಿಷ ಅಷ್ಟೆ. ಅದಕ್ಕೆ ಎಲ್ಲಾ ಮೊದಲೇ ಕಟ್ಟಿ ರೆಡಿ ಇರಬೇಕು. ಮೊದಲು ಫ್ಲ್ಯಾಶ್ ಆಫ್ ಮಾಡಿ ಬರೀ ಆಕಾಶಕ್ಕೆ ಎಕ್ಸ್‌ಪೋಶರ್ ಹಿಡೀರಿ, ಮೀಟರ್ ಹೇಳಿದ್ದಕ್ಕಿಂತ ಒಂದೂವರೆ ಸ್ಟಾಪ್ ಕತ್ತಲೆ ಇರಲಿ, ಐಎಸ್‌ಓ 200, ಎಫ್ 4, ಶಟರ್ 1/160ರಿಂದ ಶುರು ಮಾಡಿ. ಆಮೇಲೆ ಫ್ಲ್ಯಾಶ್ ಆನ್ ಮಾಡಿ ಮುಖಕ್ಕೆ ಪವರ್ ಸರಿ ಮಾಡಿ. ನಿಮಿಷ ನಿಮಿಷಕ್ಕೂ ಆಕಾಶ ಕಂದ್ತಾ ಹೋಗುತ್ತೆ, ಆಗ ಶಟರ್ ಮಾತ್ರ ನಿಧಾನ ಮಾಡ್ತಾ ಬನ್ನಿ, 1/125, 1/80, 1/50. ಫ್ಲ್ಯಾಶ್ ಬೆಳಕು ಕಣ್ಣು ಮಿಟುಕಿಸೋ ಮುಂಚೆ ಮುಗಿದುಹೋಗಿರುತ್ತೆ, ಶಟರ್ ಬದಲಾಯಿಸಿದ್ರೆ ಮುಖದ ಬೆಳಕಿಗೆ ಏನೂ ಆಗಲ್ಲ, ಆಕಾಶ ಮಾತ್ರ ಬದಲಾಗುತ್ತೆ. ಅಪರ್ಚರ್ ಮುಟ್ಟಿದ್ರೆ ಎರಡೂ ಬದಲಾಗುತ್ತೆ, ಅದಕ್ಕೆ ಅದನ್ನ ಮುಟ್ಟಬೇಡಿ. ಶಟರನ್ನ ಜಾಸ್ತಿ ಕಡೆಗೂ 1/200, 1/250 ದಾಟಿಸಬೇಡಿ, ಸಿಂಕ್ ಸ್ಪೀಡ್ (ಫ್ಲ್ಯಾಶ್ ಜೊತೆ ಕ್ಯಾಮೆರಾ ಹೊಂದ್ಕೊಳ್ಳೋ ಅತಿ ಜೋರು ಶಟರ್) ಮೀರಿದ್ರೆ ಫೋಟೋಲಿ ಕಪ್ಪು ಪಟ್ಟಿ ಬರುತ್ತೆ.

ಗಾಳಿ ಇದ್ರೆ ಸ್ಟ್ಯಾಂಡ್ ನಂಬಬೇಡಿ, ಜೊತೆಗೊಬ್ಬ ಹುಡುಗ ಕೈಲಿ ಫ್ಲ್ಯಾಶ್ ಹಿಡಿದು ನಿಲ್ಲಲಿ. ನಂದಿ ಬೆಟ್ಟಕ್ಕೆ ಬೆಳಗಿನ ಜಾವ ಹೋಗೋರಿಗೂ ಇದೇ ಲೆಕ್ಕ ತಿರುಗಾಮುರುಗಾ, ಅಲ್ಲಿ ಬೆಳಕು ಏರ್ತಾ ಹೋಗುತ್ತೆ, ಶಟರ್ ಜೋರು ಮಾಡ್ತಾ ಹೋಗ್ಬೇಕು.

ಡಿಜೆ, ಸ್ಟೇಜ್ ಲೈಟ್ ಇದ್ದಾಗ

ಸಂಗೀತ್, ರಿಸೆಪ್ಷನ್ ಡ್ಯಾನ್ಸ್‌ಗಳಲ್ಲಿ ಅವ್ರೇ ಬಣ್ಣ ಹಾಕಿರ್ತಾರೆ, ನೀವು ಬಿಳಿ ಫ್ಲ್ಯಾಶ್ ಹೊಡೆದು ಅದನ್ನ ತೊಳೀಬೇಡಿ. ಶಟರ್ 1/20ರ ಹತ್ರ, ರಿಯರ್ ಕರ್ಟನ್ ಸಿಂಕ್ (ಶಟರ್ ಮುಚ್ಚೋ ಮುಂಚೆ ಕೊನೇಲಿ ಫ್ಲ್ಯಾಶ್ ಹೊಡಿಯೋ ಸೆಟ್ಟಿಂಗ್), ಫ್ಲ್ಯಾಶ್ ಕಮ್ಮಿ ಪವರ್‌ನಲ್ಲಿ ಹಾಫ್ ಸಿಟಿಓ ಹಾಕಿ ಮುಖಕ್ಕೆ ಮಾತ್ರ. ಅವ್ರ ಬಣ್ಣದ ಬೆಳಕು ಗೆರೆಗೆರೆಯಾಗಿ ಹರಿದು ಕೊನೇಲಿ ಮುಖ ನಿಲ್ಲುತ್ತೆ. ಸ್ಟೇಜ್ ಎಲ್ಇಡಿ ಗಾಢ ನೇರಳೆಲಿ ನಿಂತಿದ್ರೆ ಆ ಕ್ಷಣ ಬಿಟ್ಟುಬಿಡಿ, ಬಣ್ಣ ಬದಲಾಗೋವರೆಗೂ ಕಾಯಿರಿ.

ಮನೆಲಿ ಮಕ್ಕಳಿದ್ರೆ ಒಂದು ಸಂಜೆ ಇದನ್ನ ಮಾಡಿ ತೋರಿಸಿ, ನಿಮಗೂ ಪಾಠ ಆಗುತ್ತೆ. ಮೂರು ಫ್ಲ್ಯಾಶ್, ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು, ಒಂದಕ್ಕೆ ನೀಲಿ, ಎಲ್ಲಾನೂ ಪಕ್ಕಪಕ್ಕ ಸ್ವಲ್ಪ ಅಂತರದಲ್ಲಿ ಬಿಳಿ ಗೋಡೆಗೆ ತಿರುಗಿಸಿ, ಮೂರೂ ಗೋಡೆ ಮೇಲೆ ಸಮ ಬೀಳೋ ಹಂಗೆ ಪವರ್ ಹೊಂದಿಸಿ. ನೀಲಿಗೆ ಜಾಸ್ತಿ ಬೇಕು ಅಂತ ಈಗ ನಿಮಗೇ ಗೊತ್ತು. ಮೂರೂ ಸೇರಿದ ಕಡೆ ಗೋಡೆ ಹತ್ತಿರಹತ್ತಿರ ಬಿಳಿಯಾಗುತ್ತೆ. ಮಗು ಮುಂದೆ ಬಂದು ಕೈ ಅಡ್ಡ ಇಟ್ರೆ ಒಂದೇ ಕೈಗೆ ಮೂರು ನೆರಳು. ಕೆಂಪಿಗೆ ಅಡ್ಡ ಬಂದ ನೆರಳು ಸಯಾನ್, ಹಸಿರಿಗೆ ಅಡ್ಡ ಬಂದಿದ್ದು ಮೆಜೆಂಟಾ, ನೀಲಿಗೆ ಅಡ್ಡ ಬಂದಿದ್ದು ಹಳದಿ. ಒಂದು ಬಣ್ಣ ಕಳೆದಾಗ ಉಳಿಯೋದು ಏನು ಅಂತ ಗೋಡೆ ಮೇಲೆ ಬೆರಳು ಬೆರಳಾಗಿ ಕಾಣುತ್ತೆ.

ಜೆಲ್‌ಗಳನ್ನ ಬ್ಯಾಗಲ್ಲಿ ಮಡಚಿ ತುರುಕಬೇಡಿ. ಹಳೇ ಪಾಸ್‌ಪೋರ್ಟ್ ಸೈಜ್ ಫೋಟೋ ಆಲ್ಬಂ ಪಾಕೆಟ್‌ಗಳಲ್ಲಿ ಒಂದೊಂದು ಇಡಿ, ಮೂಲೆಲಿ ಮಾರ್ಕರ್‌ನಲ್ಲಿ ನಂಬರ್ ಬರೀರಿ, ಹಾಫ್ ಸಿಟಿಓ ಫುಲ್ ಸಿಟಿಓ ಎರಡನ್ನೂ ಛತ್ರದ ಮಬ್ಬು ಬೆಳಕಲ್ಲಿ ಬರಿಗಣ್ಣಲ್ಲಿ ಗುರುತು ಹಿಡಿಯೋಕೆ ಆಗಲ್ಲ. ತಿಂಗಳಿಗೊಂದು ಸಲ ಹೊಸ ಹಾಳೆಯ ತುಂಡಿನ ಪಕ್ಕ ಇಟ್ಟು ಕಿಟಕಿ ಬೆಳಕಿಗೆ ಹಿಡಿದು ನೋಡಿ, ಮಧ್ಯದಲ್ಲಿ ಬಣ್ಣ ತಿಳಿಯಾಗಿದ್ರೆ ಅದನ್ನ ಎಸೆದು ಹೊಸದು ಕತ್ತರಿಸ್ಕೊಳ್ಳಿ.